ಹೆಗಲ ಬೇನೆಗೆ ನಿತ್ಯ ವ್ಯಾಯಾಮ

ದೇಹವನ್ನು ಕಡೆಗಣಿಸಿ ಸಾಧನೆ ಮಾಡಬೇಕೆಂದು ನಮ್ಮ ಶರಣರು ಹೇಳಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಪೂಜೆಗೂ ಈ ಕಾಯವೇ ಆಸರೆ. ಕಾಯದ ಒಂದು ಕೀಲು ಮುನಿದರೆ ದಿನಚರಿಯೆಲ್ಲ ಹೇಗೆ ಏರುಪೇರಾಗುತ್ತದೆ ಎಂಬುದು ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ಅನುಭವಕ್ಕೆ ಬಂದಿತು. ಇದೇ ಬೇನೆಯಿಂದ ನರಳುವ ತಾಯಂದಿರು ನಮ್ಮ ಮನೆಗಳಲ್ಲಿ ಅನೇಕರಿರುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮದು ಕೃಷ್ಣಾ ತೀರದ ದೇವಸುಗೂರು. ಒಂದೆಡೆ ಸೂಗೂರೇಶ್ವರನ ಸನ್ನಿಧಿ, ಇನ್ನೊಂದೆಡೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು. ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಬಿದ್ದುದಿಲ್ಲ, ಪೆಟ್ಟಾದುದಿಲ್ಲ, ಎಡ ಹೆಗಲಿನಲ್ಲಿ ಸಣ್ಣಗೆ ಮೊದಲಾದ ನೋವು ಎರಡು ತಿಂಗಳಲ್ಲಿ ರಾತ್ರಿಯ ನಿದ್ರೆಯನ್ನೇ ಕಸಿಯಿತು. ತುರುಬು ಕಟ್ಟಲು ಕೈ ಹಿಂದಕ್ಕೆ ಹೋಗದಾಯಿತು. ರೊಟ್ಟಿ ಬಡಿಯುವ ಕೆಲಸವನ್ನು ಸೊಸೆ ವಹಿಸಿಕೊಂಡಳು. ಇವನ್ನೆಲ್ಲ ಸಹಿಸಬಹುದಿತ್ತು. ಆದರೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ದೃಷ್ಟಿಯ ಮಟ್ಟಕ್ಕೆ ಹಿಡಿದರೆ ಅರೆನಿಮಿಷದಲ್ಲಿ ತೋಳು ನಡುಗುತ್ತಿತ್ತು. ಬಾಲ್ಯದಿಂದ ನಡೆದುಬಂದ ಪೂಜೆಯಲ್ಲಿ ಮನಸ್ಸು ನಿಲ್ಲದೆ, ಕೈ ಜಾರೀತೆಂಬ ಭಯವೇ ಮುಂದಾಯಿತು.

ರಾಯಚೂರಿನಲ್ಲಿ ಮೂಳೆ ವೈದ್ಯರು ಎಂ.ಆರ್.ಐ. ಮಾಡಿಸಿ, ಹೆಗಲಿನ ಒಂದು ಸ್ನಾಯುರಜ್ಜು ಪೂರ್ಣ ಹರಿದಿದೆ ಎಂದರು. ‘ಹರಿದಿದೆ’ ಎಂಬ ಶಬ್ದಕ್ಕೇ ಮನೆಯವರೆಲ್ಲ ಬೆದರಿದರು. ಬೆಂಗಳೂರಿನಲ್ಲಿರುವ ಮಗ ತಕ್ಷಣ ಶಸ್ತ್ರಚಿಕಿತ್ಸೆ ಆಗಲೆಂದ; ನಮ್ಮ ಯಜಮಾನರು ಈ ವಯಸ್ಸಿಗೆ ಕತ್ತರಿ ಬೇಡವೆಂದರು. ವೈದ್ಯರು ಶಾಂತವಾಗಿ, “ಹನ್ನೆರಡು ವಾರ ನಿಯಮದಿಂದ ವ್ಯಾಯಾಮ ಮಾಡಿ, ಆಮೇಲೆ ನಿರ್ಧರಿಸೋಣ” ಎಂದು ಹೇಳಿದರು.

ಹರಿದುದು ವ್ಯಾಯಾಮದಿಂದ ಕೂಡುವುದೆಂತು ಎಂಬ ಸಂದೇಹ ಸಹಜ. ಹೆಗಲಿನ ರಚನೆಯನ್ನು ತಿಳಿದರೆ ಅದು ಪರಿಹಾರವಾಗುತ್ತದೆ. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಕುಳಿ ಬಹು ಚಿಕ್ಕದು. ಪುಟ್ಟ ತಟ್ಟೆಯ ಮೇಲೆ ನಿಂಬೆಹಣ್ಣಿಟ್ಟಂತೆ. ಆ ಗುಂಡನ್ನು ನಡುವಿನಲ್ಲಿ ಹಿಡಿದಿಡುವವು ನಾಲ್ಕು ಸ್ನಾಯುಗಳು. ಅವುಗಳ ರಜ್ಜುಗಳು ಕೂಡಿದ ಪಟ್ಟಿಗೆ ‘ರೊಟೇಟರ್ ಕಫ್’ ಎಂದು ಹೆಸರು. ಇವುಗಳಲ್ಲಿ ಮೇಲುಗಡೆಯ ಸುಪ್ರಾಸ್ಪೈನೇಟಸ್ ಸಾಮಾನ್ಯವಾಗಿ ಮೊದಲು ಸವೆದು ಹರಿಯುತ್ತದೆ. ಅದು ವ್ಯಾಯಾಮದಿಂದ ಮರಳಿ ಹೊಲಿದುಕೊಳ್ಳುವುದಿಲ್ಲ. ಆದರೆ ಉಳಿದ ಸ್ನಾಯುಗಳು ಬಲಗೊಂಡು ಅದರ ಭಾರವನ್ನು ಹಂಚಿಕೊಳ್ಳಬಲ್ಲವು. ಕೂಡು ಕುಟುಂಬದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದವರು ಮನೆ ನಡೆಸುವುದಿಲ್ಲವೇ?

1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಗಲು ನೋವೇ ಇಲ್ಲದ ಅರವತ್ತು ದಾಟಿದವರನ್ನು ಎಂ.ಆರ್.ಐ.ಯಿಂದ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಪೂರ್ಣ ಅಥವಾ ಭಾಗಶಃ ಹರಿತ ಕಂಡುಬಂದಿತು. 2013ರಲ್ಲಿ ಅಮೆರಿಕದ ವೈದ್ಯರು, ಪೆಟ್ಟಿಲ್ಲದೆ ಪೂರ್ಣ ಹರಿದಿದ್ದ 452 ರೋಗಿಗಳಿಗೆ ವ್ಯಾಯಾಮ ಚಿಕಿತ್ಸೆ ನೀಡಿದ ವಿವರ ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಅವರಲ್ಲಿ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಇದನ್ನು ಕೇಳಿ ಮಗನೂ ಸಮಾಧಾನಗೊಂಡ.

ಫಿಜಿಯೋಥೆರಪಿಯ ಹುಡುಗಿ ಮೊದಲು ಕಲಿಸಿದ್ದು ತೂಗಾಟದ ವ್ಯಾಯಾಮ. ಬಲಗೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಎಡತೋಳನ್ನು ಸಡಿಲವಾಗಿ ಇಳಿಬಿಟ್ಟು, ಮೈಯ ಚಲನೆಯಿಂದಲೇ ಅದು ತೊಟ್ಟಿಲಿನಂತೆ ತೂಗುವಂತೆ ಮಾಡಬೇಕು. 1934ರಲ್ಲಿ ಹೆಗಲಿನ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಅವರ ಹೆಸರಿನಿಂದ ಇದು ಪ್ರಸಿದ್ಧ. ಎರಡನೆಯದು, ಅಂಗಾತ ಮಲಗಿ ಎರಡೂ ಕೈಗಳಿಂದ ಕೋಲು ಹಿಡಿದು, ಬಲಗೈಯ ಸಹಾಯದಿಂದ ಎಡಗೈಯನ್ನು ಮೇಲೆತ್ತುವುದು. ಮೂರನೆಯದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಏರಿಸುವುದು. ನಾಲ್ಕನೆಯದು, ಬೆನ್ನ ಮೇಲಿನ ರೆಕ್ಕೆಯೆಲುಬುಗಳನ್ನು ಹಿಂದಕ್ಕೆಳೆದು ಐದು ಎಣಿಸುವವರೆಗೆ ಹಿಡಿಯುವುದು. ತೋಳು ಪಳಗಿದ ನಂತರ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ರಬ್ಬರ್ ಪಟ್ಟಿಯನ್ನು ಹೊರಕ್ಕೆಳೆಯುವುದು.

“ಅಕ್ಕೋರೆ, ಸ್ವಲ್ಪ ನೋವು ಆದ್ರ ಅಂಜಬ್ಯಾಡ್ರಿ. ರಾತ್ರಿ ನಿದ್ದಿ ಕೆಡಿಸ್ತಂದ್ರ ಮರುದಿನ ಕಡಿಮಿ ಮಾಡ್ರಿ, ಬಿಡಬ್ಯಾಡ್ರಿ” ಎಂದು ಆಕೆ ಹೇಳಿದ ಮಾತೇ ನನಗೆ ನಿಯಮವಾಯಿತು. ಮೊದಲ ಮೂರು ವಾರ ಯಾವ ಗುಣವೂ ತೋರಲಿಲ್ಲ. ಐದನೆಯ ವಾರ ರಾತ್ರಿಯ ನೋವು ತಗ್ಗಿತು. ಅಷ್ಟರವರೆಗೆ ಮೊಣಕೈ ಕೆಳಗೆ ದಿಂಬಿಟ್ಟು ಪೂಜೆ ಸಾಗಿಸಿದೆ. ದಿಂಬಿನಿಂದ ಭಕ್ತಿಗೆ ಕುಂದಿಲ್ಲವೆಂದು ನಮ್ಮ ಅತ್ತೆಯವರೇ ಧೈರ್ಯ ಹೇಳಿದರು. ಹನ್ನೊಂದನೆಯ ವಾರ ದಿಂಬಿಲ್ಲದೆ ಅಂಗೈಯನ್ನು ದೃಷ್ಟಿಯ ಮಟ್ಟಕ್ಕೆ ಹಿಡಿದು ಪೂಜೆಯನ್ನು ಪೂರೈಸಿದೆ. ರಜ್ಜು ಇಂದಿಗೂ ಹರಿದೇ ಇದೆ. ಎತ್ತರದ ಮಾಡಿನಿಂದ ಭಾರದ ಡಬ್ಬಿ ಇಳಿಸುವುದನ್ನು ಸೊಸೆಗೇ ಬಿಟ್ಟಿದ್ದೇನೆ.

ಎಲ್ಲರಿಗೂ ಇದೊಂದೇ ದಾರಿಯಲ್ಲ. ಬಿದ್ದ ಕೂಡಲೇ ತೋಳೆತ್ತಲಾಗದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಂಥ ಹೊಸ ಹರಿತಕ್ಕೆ, ಅದರಲ್ಲೂ ದುಡಿಯುವ ವಯಸ್ಸಿನವರಿಗೆ, ಬೇಗನೆ ಮಾಡುವ ಶಸ್ತ್ರಚಿಕಿತ್ಸೆ ಹಿತಕರವಾಗಬಹುದು. ಅದಾದ ಮೇಲೂ ತಿಂಗಳುಗಟ್ಟಲೆ ವ್ಯಾಯಾಮ ತಪ್ಪಿದ್ದಲ್ಲ. ಬೇರೆಯವರು ಎತ್ತಿದರೂ ತೋಳು ಏಳದಿದ್ದರೆ ಅದು ಹೆಗಲು ಬಿಗಿದ ಬೇರೊಂದು ಬೇನೆಯಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಅದು ಹೆಚ್ಚು. ಎಡ ಹೆಗಲಿನ ನೋವಿನೊಂದಿಗೆ ಎದೆ ಹಿಡಿದಂತಾಗಿ ಬೆವರು, ಏದುಸಿರು ಕಂಡರೆ ಅದು ಹೃದಯದ ಸೂಚನೆಯಾಗಿರಬಹುದು. ತಕ್ಷಣ ಆಸ್ಪತ್ರೆ ಸೇರಬೇಕು.

ನಮ್ಮ ತಾಯಂದಿರು ಮನೆಮಂದಿಯ ನೋವನ್ನೆಲ್ಲ ವಿಚಾರಿಸಿ, ತಮ್ಮದನ್ನು ಕಡೆಗಿರಿಸುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ತಮ್ಮ ತೋಳಿಗಾಗಿ ತೆಗೆದಿಟ್ಟರೆ ಅದು ಸ್ವಾರ್ಥವಲ್ಲ. ಅವರಿಗೆ ಆ ಇಪ್ಪತ್ತು ನಿಮಿಷದ ಬಿಡುವು ಮಾಡಿಕೊಡುವುದು ಮನೆಯವರ ಕರ್ತವ್ಯ.