ಸಾಧನೆಗಳ ಒಂದು ವರ್ಷ

ಮೊನ್ನೆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಬೆಲ್ ಆಯ್ತು. ಬಾಗಿಲು ತೆಗೆದರೆ ನಮ್ಮ ಕ್ಯಾಂಟೀನ್ ಅಣ್ಣನ ಮಗಳು. ಜೊತೆಗೆ ಅವಳ ಚಿಕ್ಕಪ್ಪನ ಮಗ, ಊರಲ್ಲಿ ಬಿಕಾಂ ಮುಗಿಸಿ ಬಂದ ಹುಡುಗ. ಅವನ ಕೈಯಲ್ಲಿ ಫಳಫಳ ಹೊಳೆಯುವ ದಪ್ಪ ಪುಸ್ತಕ.

“ಅಂಕಲ್, ಇವನಿಗೆ ಎಂಬಿಎ ಸೀಟ್ ಸಿಕ್ಕಿದೆ. ಫೀಸ್ ಕಟ್ಟೋದಕ್ಕೆ ಬುಧವಾರ ಕೊನೇ ದಿನ. ನೀವು ಒಂದ್ಸಲ ಇದನ್ನ ಓದಿ ಹೇಳ್ಬೇಕು” ಅಂದಳು.

ಅದೊಂದು ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನ ವಾರ್ಷಿಕ ಪುಸ್ತಕ. ಅದರ ಇಂಗ್ಲಿಷ್ ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ ‘ಸಾಧನೆಗಳ ಒಂದು ವರ್ಷ’. ಅವಳು ಸಹಜವಾಗಿಯೇ ಕೇಳಿದ್ದಳು. ನನಗೆ ಮಾತ್ರ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯ್ತು. ಯಾಕೆಂದರೆ ಇಂಥದೇ ಪುಸ್ತಕವೊಂದನ್ನು 2013ರಲ್ಲಿ ಅವಳಿಗೋಸ್ಕರ ಓದಿದ್ದೆ. ಓದಿ, “ಧೈರ್ಯವಾಗಿ ಸೇರಿಸಿ” ಅಂತ ಅವಳಪ್ಪನಿಗೆ ಹೇಳಿದ್ದೆ.

ಆಗ ನಾನು ಡೊಂಬಿವ್ಲಿ ಕಡೆಯ ಒಂದು ಶಾಖೆಯಲ್ಲಿದ್ದೆ. ಅಣ್ಣನ ಕ್ಯಾಂಟೀನು ನಮ್ಮ ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ. ಕುಂದಾಪುರ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಅಷ್ಟೋ ಇಷ್ಟೋ ಓದಿ, ಸ್ವಂತದ್ದೊಂದು ಮಾಡಿಕೊಂಡವರು. ಮುಂಬೈ ಕನ್ನಡಿಗರಿಗೆ ಈ ಕಥೆ ಹೊಸದಲ್ಲ ಬಿಡಿ, ನಮ್ಮೆಲ್ಲರಿಗೂ ಇಂಥ ಹತ್ತು ಜನ ಗೊತ್ತು. ಊರಿನ ಬೇರೆ ಬೇರೆ ಮೂಲೆಯವರಾದರೂ ಚಹಾ ಕುಡಿಯುತ್ತಾ ನಾವಿಬ್ಬರೂ ಒಂದೇ ಊರಿನವರಾಗಿದ್ದೆವು.

ಒಂದು ದಿನ ಆ ಪುಸ್ತಕ ತಂದು ನನ್ನ ಟೇಬಲ್ ಮೇಲಿಟ್ಟರು. “ನೋಡಿ ಮಾರಾಯ್ರೆ, ನನಗೆ ಇದರ ತಲೆಬುಡ ಅರ್ಥ ಆಗೂದಿಲ್ಲ. ನೀವು ಬ್ಯಾಂಕಿನವರು. ಸರಿ ಉಂಟು ಅಂತ ನೀವು ಹೇಳಿದ್ರೆ ಸೇರಿಸ್ತೇನೆ.”

ಓದಿದೆ. ಮೊದಲ ಪುಟದಲ್ಲಿ ಕುಲಪತಿಗಳ ಸಂದೇಶ, ಎರಡನೇದರಲ್ಲಿ ನಿರ್ದೇಶಕರದ್ದು. ಆಮೇಲೆ ಅಂತಾರಾಷ್ಟ್ರೀಯ ಸಮ್ಮೇಳನ, ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ, ಅಧ್ಯಾಪಕರ ಪ್ರಬಂಧಗಳು, ರಕ್ತದಾನ ಶಿಬಿರ, ಫ್ಯಾಕ್ಟರಿ ಭೇಟಿ, ಇಂಟರ್ ಕಾಲೇಜ್ ಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು. ಮಧ್ಯದ ಎರಡು ಪುಟಕ್ಕೆ ಹರಡಿಕೊಂಡು ದೊಡ್ಡ ಅಕ್ಷರದಲ್ಲಿ: ಪ್ಲೇಸ್‌ಮೆಂಟ್ 100%. ಸರಾಸರಿ ಪ್ಯಾಕೇಜು 6 ಲಕ್ಷ.

ನಾನು ತಿಂಗಳಿಗೆ ಐವತ್ತು ಸಾವಿರ ಅಂತ ಲೆಕ್ಕ ಹಾಕಿದೆ. ತೆರಿಗೆ, ಪಿಎಫ್ ಎಲ್ಲ ಕಳೆದರೂ ನಲವತ್ತಕ್ಕೆ ಮೋಸವಿಲ್ಲ. ಸಾಲ 6 ಲಕ್ಷ. ಕಂತು ಆರಾಮಾಗಿ ಕಟ್ಟಬಹುದು. ಸೇರಿಸಿ ಅಂದೆ.

ಹಾಗೆ ಅನ್ನೋದಕ್ಕೆ ಇನ್ನೊಂದು ಕಾರಣವೂ ಇತ್ತು. ‘ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲು’ ಅಂದರೆ ನನ್ನ ತಲೆಯಲ್ಲಿ ಒಂದೇ ಚಿತ್ರ. ಮುಂಬೈಗೆ ಬಂದ ಹೊಸತರಲ್ಲಿ ಆಫೀಸು ಫೋರ್ಟಿನಲ್ಲಿತ್ತು. ಸಂಜೆ ಸಹೋದ್ಯೋಗಿಯೊಬ್ಬರ ಜೊತೆ ಮರೀನ್ ಡ್ರೈವ್ ತನಕ ನಡೆದು ಹೋಗುತ್ತಿದ್ದೆ. ಚರ್ಚ್‌ಗೇಟ್ ದಾಟಿದ ಮೇಲೆ ಸಿಡನ್‌ಹ್ಯಾಮ್ ಕಾಲೇಜು. 1913ರದ್ದು, ಏಷ್ಯಾದ ಮೊದಲ ಕಾಮರ್ಸ್ ಕಾಲೇಜು ಅಂತ ಹೆಸರಾದದ್ದು. ಅಂಬೇಡ್ಕರರು 1918ರಿಂದ 1920ರವರೆಗೆ ಅರ್ಥಶಾಸ್ತ್ರ ಕಲಿಸಿದ್ದು ಈ ಕಾಲೇಜಿನಲ್ಲೇ. ಅದೇ ಬ್ಯಾಕ್‌ಬೇ ಕಡೆ ಜಮ್ನಾಲಾಲ್ ಬಜಾಜ್ ಇನ್‌ಸ್ಟಿಟ್ಯೂಟು. 1965ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಅಮೆರಿಕದ ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲಿನ ಸಹಕಾರದಿಂದ ಶುರು ಮಾಡಿದ್ದು. ಅಲ್ಲಿಂದ ಹೊರಬರುತ್ತಿದ್ದ ಹುಡುಗ ಹುಡುಗಿಯರನ್ನು ನೋಡಿ, ಉಡುಪಿಯಲ್ಲಿ ಬಿಕಾಂ ಮಾಡಿ ನೇರ ಕೌಂಟರಿಗೆ ಬಂದು ಕೂತ ನನಗೆ ಹೊಟ್ಟೆಕಿಚ್ಚು ಆಗದೆ ಇರುತ್ತಿರಲಿಲ್ಲ. ಅಣ್ಣನ ಮಗಳು ಆ ಜಾತಿಯ ಬಾಗಿಲೊಳಗೆ ಹೋಗ್ತಿದ್ದಾಳೆ ಅಂತ ನನಗೇ ಖುಷಿ. ಒಂದು ಬಾಗಿಲು ನೋಡಿ ಎಲ್ಲ ಬಾಗಿಲೂ ಹಾಗೇ ಅಂದುಕೊಂಡೆ, ಅಷ್ಟೆ.

ಸಾಲ ಮಂಜೂರಾಯ್ತು. ಆಗಿನ ಮಾದರಿ ಯೋಜನೆಯ ಪ್ರಕಾರ 4 ಲಕ್ಷ ದಾಟಿದರೆ ಮೂರನೆಯವರ ಜಾಮೀನು ಬೇಕಿತ್ತು. ಪಕ್ಕದ ಗಲ್ಲಿಯ ಹಾಲಿನಂಗಡಿಯವರು ಸಹಿ ಹಾಕಿದರು. ಅವರೂ ಕೇಳಿದ್ದು ನನ್ನನ್ನೇ, “ಏನೂ ತೊಂದರೆ ಇಲ್ವಲ್ಲ ಸಾರ್?”

2015ರಲ್ಲಿ ಅವಳು ಪಾಸಾದಳು, ಕೆಲಸವೂ ಸಿಕ್ಕಿತು. ವಿಮೆ ಮಾರುವ ಕೆಲಸ. ಕೈಗೆ ಬರುತ್ತಿದ್ದದ್ದು ಹದಿನೆಂಟು ಸಾವಿರ. ಓದುವ ಎರಡು ವರ್ಷ, ಆಮೇಲಿನ ಆರು ತಿಂಗಳ ಬಡ್ಡಿ ಸೇರಿ ಸಾಲ ಏಳೂವರೆ ಲಕ್ಷ ಆಗಿತ್ತು. ಶೇಕಡಾ 13ರ ಹಾಗೆ, ಹತ್ತು ವರ್ಷಕ್ಕೆ, ತಿಂಗಳ ಕಂತು ಹನ್ನೊಂದು ಸಾವಿರದ ಮೇಲೆ. ಉಳಿದ ಏಳು ಸಾವಿರದಲ್ಲಿ ಲೋಕಲ್ ಟ್ರೈನ್ ಪಾಸು, ಊಟ, ಫೋನು.

ಬಿಕಾಂ ಎರಡನೇ ವರ್ಷದಲ್ಲಿ ನಮಗೆ ಸ್ಟ್ಯಾಟಿಸ್ಟಿಕ್ಸ್ ಇತ್ತು. ಮೀನ್, ಮೀಡಿಯನ್, ಮೋಡ್. ಹತ್ತು ಜನರಲ್ಲಿ ಇಬ್ಬರಿಗೆ 18 ಲಕ್ಷ, ಎಂಟು ಜನಕ್ಕೆ 3 ಲಕ್ಷ ಸಿಕ್ಕಿದರೆ ಸರಾಸರಿ ಎಷ್ಟು? 6 ಲಕ್ಷ! ಆ 6 ಲಕ್ಷ ಹತ್ತು ಜನರಲ್ಲಿ ಒಬ್ಬನ ಕೈಗೂ ಬಂದಿಲ್ಲ. ಸಾಲಾಗಿ ನಿಲ್ಲಿಸಿ ಮಧ್ಯದವನನ್ನು ಕೇಳಿದರೆ 3 ಲಕ್ಷ ಅಂತಾನೆ. ಇದೇ ಮೀಡಿಯನ್. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದವನು ನಾನು. ಬೇಕಾದ ದಿನ ನೆನಪಾಗಲಿಲ್ಲ.

ಇನ್ನೂ ನಾಚಿಕೆಯ ವಿಷಯ ಹೇಳಲಾ? ಪುಸ್ತಕದ ಅಂಕಿಗಳು ಹೇಗೆ ತಯಾರಾಗುತ್ತವೆ ಅಂತ ಬ್ಯಾಂಕಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾರ್ಚ್ ಕೊನೆ ವಾರ ನಾವು ಗುರುತಿನ ವ್ಯಾಪಾರಿಗಳ ಕೈಕಾಲು ಹಿಡೀತೀವಿ. ಮೂವತ್ತನೇ ತಾರೀಕು ಡಿಪಾಸಿಟ್ ಬರುತ್ತೆ, ಏಪ್ರಿಲ್ ಮೊದಲ ವಾರ ವಾಪಸ್ ಹೋಗುತ್ತೆ. ಮೂವತ್ತೊಂದರ ರಾತ್ರಿ ಲೆಕ್ಕ ಮುಚ್ಚುವಾಗ ಮಾತ್ರ ನಮ್ಮ ಪುಸ್ತಕದಲ್ಲಿರುತ್ತೆ. ಹಾಗೆ ಒಂದು ವರ್ಷ ನಮ್ಮ ಶಾಖೆಗೆ ಗುರಿ ಮುಟ್ಟಿದ್ದಕ್ಕೆ ಶೀಲ್ಡ್ ಕೂಡ ಬಂತು. ಫೋಟೋದಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ. ಅಂಥವನು ಇನ್ನೊಬ್ಬರ ಸಾಧನೆಯ ಪುಸ್ತಕವನ್ನು ಪಂಚಾಂಗದ ಹಾಗೆ ನಂಬಿದೆ ನೋಡಿ...

2016ರ ನವೆಂಬರಿನಲ್ಲಿ ನೋಟು ರದ್ದಾಯಿತು. ಆ ಐವತ್ತು ದಿನ ನಾವು ಬ್ಯಾಂಕಿನವರು ಹೇಗೆ ಕಳೆದೆವು ಅಂತ ಬರೆದರೆ ಅದೇ ಬೇರೆ ಲೇಖನ ಆಗುತ್ತೆ. ಅಣ್ಣನ ಕ್ಯಾಂಟೀನಿನಲ್ಲಿ ವ್ಯಾಪಾರ ಅರ್ಧಕ್ಕಿಳಿಯಿತು. ಅದೇ ಹೊತ್ತಿಗೆ ಟಾರ್ಗೆಟ್ ಮುಟ್ಟಲಿಲ್ಲ ಅಂತ ಮಗಳ ಕೆಲಸವೂ ಹೋಗಿತ್ತು. ಡಿಸೆಂಬರಿನ ಬಾಕಿ ಪಟ್ಟಿಯಲ್ಲಿ ಅವಳ ಹೆಸರು ಕಂಡೆ. ಎರಡು ಕಂತು ಬಾಕಿ. ತೊಂಬತ್ತು ದಿನ ದಾಟಿದರೆ ಖಾತೆ ಎನ್‌ಪಿಎ. ಆಮೇಲೆ ಸಿಬಿಲ್, ನೋಟೀಸು, ಜಾಮೀನುದಾರನ ಮನೆಗೂ ಪತ್ರ.

ನಾನು ಹೇಗೆ ಕೇಳೋದು ಅಂತ ಯೋಚಿಸುತ್ತಿರುವಾಗಲೇ ಅವರು ಬಂದರು. ನೇರ ನನ್ನ ಕ್ಯಾಬಿನ್ನಿಗೆ ಬರುತ್ತಿದ್ದ ಮನುಷ್ಯ ಅವತ್ತು ಎಲ್ಲರ ಜೊತೆ ಕ್ಯೂನಲ್ಲಿ ನಿಂತಿದ್ದರು. ಹಳೇ ಐನೂರರ ನೋಟುಗಳ ಒಂದು ಕಟ್ಟು, ಎಣ್ಣೆ ಪಸೆ ಇನ್ನೂ ಹೋಗದ್ದು. “ಇದ್ರಲ್ಲೇ ಅವಳ ಕಂತು ಕಟ್ಟಿಸ್ಕೊಳ್ಳಿ. ಹಾಲಿನವರಿಗೆ ಮಾತ್ರ ಕಾಗದ ಕಳಿಸ್ಬೇಡಿ ಮಾರಾಯ್ರೆ” ಅಂದರು. ಬೈಯಲಿಲ್ಲ. ನೀವು ಹೇಳಿದ್ರಲ್ಲ ಅಂತಲೂ ಅನ್ನಲಿಲ್ಲ. ಚಹಾಕ್ಕೆ ಬನ್ನಿ ಅಂತ ಮಾತ್ರ ಕರೆಯಲಿಲ್ಲ. ಅಷ್ಟು ವರ್ಷದಲ್ಲಿ ಅದೇ ಮೊದಲು.

ಇರಲಿ. ಹುಡುಗಿ ಗಟ್ಟಿ. ಮೂರು ತಿಂಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಒಂದು ಕಂಪನಿ ಸೇರಿದಳು. ಹಂತ ಹಂತವಾಗಿ ಮೇಲೆ ಬಂದಳು. ಅವಧಿಗಿಂತ ಮೂರು ವರ್ಷ ಮೊದಲೇ, 2022ರಲ್ಲಿ, ಸಾಲ ತೀರಿಸಿದಳು. ಅಷ್ಟು ಹೊತ್ತಿಗೆ ಅಣ್ಣ ಕ್ಯಾಂಟೀನು ಬಿಟ್ಟುಕೊಟ್ಟು ಊರು ಸೇರಿದ್ದರು. ಲಾಕ್‌ಡೌನ್ ಆದ ಮೇಲೆ ಮತ್ತೆ ತೆರೆಯಲು ಆಗಲಿಲ್ಲ.

ಈಗ ಭಾನುವಾರಕ್ಕೆ ಬರೋಣ. ಪುಸ್ತಕ ಬಿಡಿಸಿದೆ. ಅದೇ ಸಂದೇಶ, ಅದೇ ಸಮ್ಮೇಳನ, ಅದೇ ರಕ್ತದಾನ. ಸರಾಸರಿ ಪ್ಯಾಕೇಜಿನ ದೊಡ್ಡ ಅಂಕಿಯ ಪಕ್ಕ ಒಂದು ನಕ್ಷತ್ರ. ಕನ್ನಡಕ ಹಾಕಿಕೊಂಡು ಪುಟದ ಬುಡ ನೋಡಿದೆ: ಮೇಲಿನ ಶೇಕಡಾ ಇಪ್ಪತ್ತೈದು ವಿದ್ಯಾರ್ಥಿಗಳ ಸರಾಸರಿ.

ಹುಡುಗನಿಗೆ ಒಂದು ಹಾಳೆ ಕೊಟ್ಟು ಬರೆದುಕೋ ಅಂದೆ. ತರಗತಿಯಲ್ಲಿ ಒಟ್ಟು ಎಷ್ಟು ಜನ, ಅದರಲ್ಲಿ ಪ್ಲೇಸ್‌ಮೆಂಟಿಗೆ ಕೂತವರೆಷ್ಟು? ಯಾಕೆಂದರೆ ನೂರಕ್ಕೆ ನೂರು ಅನ್ನೋದು ಕೂತವರ ಲೆಕ್ಕ ಮಾತ್ರ ಇರಬಹುದು. ಮೀಡಿಯನ್ ಎಷ್ಟು? ಅತಿ ಕಡಿಮೆ ಎಷ್ಟು? ಪ್ಯಾಕೇಜಿನಲ್ಲಿ ಪ್ರತಿ ತಿಂಗಳು ಖಂಡಿತ ಬರೋದೆಷ್ಟು, ಟಾರ್ಗೆಟ್ ಮುಟ್ಟಿದರೆ ಬರೋದೆಷ್ಟು? ಇದೇನೂ ಅಧಿಕಪ್ರಸಂಗದ ಪ್ರಶ್ನೆಯಲ್ಲ. ಅಹಮದಾಬಾದಿನ ಐಐಎಂ ಇದಕ್ಕಾಗಿಯೇ ಒಂದು ವರದಿ ಮಾನದಂಡ ರೂಪಿಸಿ, ಖಚಿತ ಸಂಬಳ ಬೇರೆ, ಒಂದೇ ಸಲ ಕೊಡುವ ಹಣ ಬೇರೆ, ಕೆಲಸ ನೋಡಿ ಕೊಡುವುದು ಬೇರೆ ಅಂತ ವಿಂಗಡಿಸಿ, ಮೀಡಿಯನ್ ಸಮೇತ ಪ್ರಕಟಿಸುತ್ತೆ. 2016ರಲ್ಲಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ ಶುರುವಾದ ಮೇಲೆ ಇನ್ನೂ ಸುಲಭ. ಭಾಗವಹಿಸುವ ಸಂಸ್ಥೆಗಳು ಕೊಟ್ಟ ಮಾಹಿತಿ ಅದರ ಜಾಲತಾಣದಲ್ಲೇ ಸಿಗುತ್ತೆ: ಎಷ್ಟು ಜನ ಸಕಾಲಕ್ಕೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು.

ಅವಳು ಆಗಲೇ ಮೊಬೈಲಿನಲ್ಲಿ ತೆಗೆದಿದ್ದಳು. ಮೀಡಿಯನ್ನು ಪುಸ್ತಕದ ಅಂಕಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ. ತೀರ ಕೆಟ್ಟದ್ದೇನಲ್ಲ. ಆ ಅಂಕಿಯನ್ನೇ ಇಟ್ಟುಕೊಂಡು ಕಂತಿನ ಲೆಕ್ಕ ಹಾಕಿದೆವು. ಈಗ ಕೋರ್ಸು ಮುಗಿದು ಒಂದು ವರ್ಷ ಬಿಡುವು, ತೀರಿಸಲು 15 ವರ್ಷದವರೆಗೆ ಸಮಯ ಉಂಟು. ಬಿಡುವು ಕಂತಿಗೆ ಮಾತ್ರ, ಬಡ್ಡಿ ಬೆಳೆಯುತ್ತಲೇ ಇರುತ್ತೆ ಅಂತ ಎರಡು ಸಲ ಹೇಳಿದೆ.

“ಅಕ್ಕ, ನೀನು ಓದಿದ್ದು ವೇಸ್ಟಾ ಹಾಗಾದ್ರೆ?” ಅಂತ ಹುಡುಗ ಕೇಳಿದ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಇಲ್ಲ. ಒಬ್ಬರು ಸರ್ ಇದ್ರು. ಕ್ಲಾಸ್ ಬಿಟ್ಟು ನಮ್ಮನ್ನ ತರಕಾರಿ ಮಾರ್ಕೆಟಿಗೆ ಕಳಿಸ್ತಿದ್ರು. ನಲವತ್ತು ಅಂಗಡಿಯವರನ್ನ ಮಾತಾಡಿಸಿ, ಯಾರಿಗೆ ಎಷ್ಟು ಉದ್ರಿ ಕೊಡ್ತೀರಿ, ಹೇಗೆ ನಂಬ್ತೀರಿ ಅಂತ ಬರ್ಕೊಂಡು ಬನ್ನಿ ಅಂತ. ಇವತ್ತು ನಾನು ಅನ್ನ ತಿನ್ನೋದು ಆ ಮೂರು ತಿಂಗಳಿಂದ. ಅದು ಆ ವರ್ಷದ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ನೂರು ಪರ್ಸೆಂಟ್ ಪುಟದ ಗ್ರೂಪ್ ಫೋಟೋದಲ್ಲಿ ಮಾತ್ರ ನಾನಿದ್ದೆ, ಎರಡನೇ ಸಾಲಲ್ಲಿ.”

ಹುಡುಗನ ಹಾಳೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದೆವು. ಹೋದ ವರ್ಷ ಪಾಸಾದ ಇಬ್ಬರಿಗೆ, ಮೇಲಿನವರಿಗಲ್ಲ, ಮಧ್ಯದವರಿಗೆ, ಫೋನ್ ಮಾಡಿ ಕೇಳಬೇಕು: ಅಲ್ಲಿ ನಿಮಗೆ ನಿಜವಾಗಿ ಕಲಿಸಿದವರು ಯಾರು? ಅವರು ಈಗಲೂ ಇದ್ದಾರಾ?

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದನ್ನು ಹೇಳಿಬಿಟ್ಟೆ. “ಅವತ್ತು ನಾನು ಸರಿಯಾಗಿ ನೋಡಲಿಲ್ಲಮ್ಮ. ತಪ್ಪು ನನ್ನದು.”

“ನೀವು ಬೇಡ ಅಂದಿದ್ರೂ ಅಪ್ಪ ಸೇರಿಸ್ತಿದ್ರು ಅಂಕಲ್” ಅಂದಳು. ಆಮೇಲೆ ಮೆಲ್ಲಗೆ, “ಆದ್ರೆ ಹಾಲಿನಂಗಡಿಯವರನ್ನ ಜಾಮೀನಿಗೆ ಕರೀತಿರಲಿಲ್ಲ. ನೀವು ಹೇಳಿದ್ರಿ ಅಂತ ಕರೆದದ್ದು.”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಊರಲ್ಲಿ ಮಳೆ ಜೋರಂತೆ. ಪುಸ್ತಕದ ವಿಷಯ ಹೇಳಿದೆ. “ಹುಡುಗನಿಗೆ ಎಂತ ಹೇಳಿದ್ರಿ?” ಅಂತ ಕೇಳಿದರು. ಸೇರು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ, ಪ್ರಶ್ನೆ ಬರೆದುಕೊಟ್ಟೆ ಅಂದೆ. “ಅದು ಒಳ್ಳೇದಾಯ್ತು” ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಊರಿಗೆ ಬಂದಾಗ ಮನೆಗೆ ಬನ್ನಿ ಮಾರಾಯ್ರೆ, ಚಹಾ ಕುಡಿದು ಹೋಗಬಹುದು.”

ಹುಡುಗ ಇನ್ನೂ ನಿರ್ಧಾರ ಮಾಡಿಲ್ಲ. ಇಬ್ಬರಲ್ಲಿ ಒಬ್ಬರು ಫೋನ್ ಎತ್ತಿದ್ದಾರಂತೆ. ಇವತ್ತು ಮಂಗಳವಾರ.