ಅಮ್ಮನ ಹಾಡು ಮತ್ತು 4 ಜಿಬಿ

ಅಮ್ಮ ಹಸೆಗೆ ಕರೆಯುವ ಹಾಡು ಹೇಳಿದ ದೃಶ್ಯ ಉಳಿದಿರುವುದು ತಂಗಿಯ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಕಂಪ್ಯೂಟರಿಗೆ ಇಳಿಸಿದಾಗ ಅದು 11 ಜಿಬಿಯ ಒಂದೇ ಕಡತವಾಯಿತು. ಹಳೆಯ ಹಾರ್ಡ್ ಡಿಸ್ಕಿನಲ್ಲಿ 300 ಜಿಬಿ ಖಾಲಿಯಿದ್ದರೂ ಅದು ಈ ಕಡತವನ್ನು ಒಲ್ಲೆನೆಂದಿತು! ಡಿಸ್ಕು ಕೆಟ್ಟಿತೆಂದೇ ಬಗೆದೆ. ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಬಿಡಿಸಿ ಹೇಳಿದ: "ಸಾರ್, ಅದು ಫ್ಯಾಟ್32. ಕಡತದ ಗಾತ್ರ ಬರೆದಿಡಲು ಅದರಲ್ಲಿರುವುದು 32 ಬಿಟ್ ಮಾತ್ರ. 4 ಜಿಬಿಯಷ್ಟು ದೊಡ್ಡ ಕಡತ ಹಿಡಿಸದು." ಎರಡರ ಮೂವತ್ತೆರಡನೆಯ ಘಾತ! ಗಣಿತ ಕಲಿಸಿದವನಿಗೆ ಹೊಳೆಯಬೇಕಿತ್ತು.

ಉಳಿದದ್ದು ಎಕ್ಸ್‌ಫ್ಯಾಟ್ ಇಲ್ಲವೇ ಎನ್‌ಟಿಎಫ್‌ಎಸ್. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಎನ್‌ಟಿಎಫ್‌ಎಸ್ ಅನ್ನು ಮಗಳ ಮ್ಯಾಕ್ ಓದೀತು, ತಾನಾಗಿ ಅದರಲ್ಲಿ ಬರೆಯಲಾರದು. ಆದರೆ ಅದು ಮಾಡಹೊರಟ ಬದಲಾವಣೆಯನ್ನು ಮೊದಲು ಗುರುತು ಹಾಕಿಕೊಳ್ಳುವುದರಿಂದ, ನಡುವೆ ಕರೆಂಟು ಹೋದರೂ ಕಡತಗಳ ಸೂಚಿ ಸುಲಭವಾಗಿ ಕೆಡದು. ಎಕ್ಸ್‌ಫ್ಯಾಟಿಗೆ ಆ ಅಭ್ಯಾಸವಿಲ್ಲ. ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆ. ಮಗಳು ನೋಡಿದರೆ ಸಾಕಲ್ಲ, ಬರೆಯಬೇಕಿಲ್ಲ! ಎನ್‌ಟಿಎಫ್‌ಎಸ್ ಅನ್ನೇ ಆರಿಸಿದೆ.

ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಅಳಿಯುತ್ತದೆ. ಹಳೆಯದನ್ನೆಲ್ಲ ತಮ್ಮನ ಕಂಪ್ಯೂಟರಿಗೆ ನಕಲು ಮಾಡಿ, ಎರಡು ಸಲ ತೆರೆದು ನೋಡಿದ ಮೇಲೂ ಕೈ ನಡುಗಿದ್ದು ನಿಜ.

ದಸರೆಗೆ ಬಂದ ಮಗಳು ತನ್ನ ಮ್ಯಾಕ್‌ನಲ್ಲಿ ಹಾಕಿ ನೋಡಿದಳು. ಹಾಡಿನ ನಡುವೆ ಅಮ್ಮ ಸೊಲ್ಲು ಮರೆತು ನಕ್ಕದ್ದೂ ಹಾಗೆಯೇ ಇದೆ.