ನಾಲ್ವರೂ ಒಂದೇ ಕಡೆ ಮರೆಯುವುದಿಲ್ಲ

ಮಾರ್ಚ್ ಬಂತೆಂದರೆ ಸಂಜೆಯ ಹೊತ್ತು ನಮ್ಮ ಮನೆಯ ಜಗಲಿ ಮಕ್ಕಳ ಪಾಲಿಗೆ. ಆರು ಗಂಟೆಗೆ ಸರಿಯಾಗಿ ಮೆಟ್ಟಿಲ ಬುಡದಲ್ಲಿ ಮೂರು ಜೊತೆ ಚಪ್ಪಲಿ ಬಂದು ನಿಲ್ಲುತ್ತವೆ. ನಾಲ್ಕನೆಯವಳು ನನ್ನ ಮಗಳು. ನಾಲ್ವರದೂ ಈ ಸಲ ಹತ್ತನೆಯ ಕ್ಲಾಸು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆಯುತ್ತಾರೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ. ನಡುನಡುವೆ ‘ಅಲ್ವೇ, ಅದು ಹಾಗಲ್ಲ ಕಣೇ’ ಎನ್ನುವ ದನಿ ಅಡುಗೆಮನೆಯವರೆಗೂ ಬರುತ್ತದೆ.

ಅತ್ತೆಗೆ ಇದರಿಂದ ಸಮಾಧಾನವಿಲ್ಲ. ‘ನಾಲ್ಕು ಜನ ಸೇರಿದ್ರೆ ಮಾತಾಗ್ತದೆ, ಓದು ಎಲ್ಲಾಗ್ತದೆ? ಒಬ್ಬೊಬ್ರೇ ಕೂತು ಓದ್ಲಿ’ ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದ್ದೇ ಇದೆ. ಉಳಿದ ಅರ್ಧ ಹೇಳಬೇಕೆಂದರೆ ನಾನು ಇಕ್ಕೇರಿಯಿಂದ ಶುರು ಮಾಡಬೇಕು.

ನಮ್ಮದು ಸಾಗರ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಇಲ್ಲಿಂದ ಸೈಕಲ್ ತುಳಿದರೆ ಅರ್ಧ ಗಂಟೆಯ ದಾರಿ. ಈಗ ಅಡಿಕೆ ತೋಟಗಳ ನಡುವೆ ಸದ್ದಿಲ್ಲದೆ ಕುಳಿತ ಈ ಊರು ಒಂದು ಕಾಲಕ್ಕೆ ಕೆಳದಿ ಅರಸರ ರಾಜಧಾನಿ. 1623ರಲ್ಲಿ ವೆಂಕಟಪ್ಪ ನಾಯಕನನ್ನು ಕಾಣಲು ಗೋವೆಯಿಂದ ಪೋರ್ಚುಗೀಸರ ರಾಯಭಾರಿ ಹೊರಟಾಗ ಅವನ ಜೊತೆಗೊಬ್ಬ ಇಟಲಿಯ ಯಾತ್ರಿಕನೂ ಬಂದ. ಹೆಸರು ಪಿಯೆತ್ರೊ ದೆಲ್ಲಾ ವಾಲೆ. ಕಂಡದ್ದನ್ನೆಲ್ಲ ನೇಪಲ್ಸಿನಲ್ಲಿದ್ದ ತನ್ನ ವೈದ್ಯ ಗೆಳೆಯನಿಗೆ ಪತ್ರ ಬರೆದು ತಿಳಿಸುವುದು ಅವನ ರೂಢಿ. ಈ ಪ್ರಯಾಣದ ದಾರಿಯಲ್ಲೊಂದು ಕಡೆ ಆಳುಗಳು ಹೊರೆ ಕಟ್ಟುವುದು ತಡವಾಗಿ, ಅವನು ಒಂದು ಗುಡಿಯ ಮುಂದಿನ ಚಾವಡಿಯಲ್ಲಿ ಹೊತ್ತು ಕಳೆಯುತ್ತ ಕುಳಿತ. ಅಲ್ಲಿ ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿದ್ದರು.

ನೆಲಕ್ಕೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುತ್ತಿದ್ದ. ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮುಂದುವರಿಯುವುದು. ಮೇಷ್ಟ್ರು ಮಾತ್ರ ಎಲ್ಲೂ ಇರಲಿಲ್ಲ. ಮರೆತರೆ, ತಪ್ಪಿದರೆ ನಿಮ್ಮನ್ನು ತಿದ್ದುವವರು ಯಾರು ಎಂದು ಇಟಲಿಯವ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯಲು ಸಾಧ್ಯವಿಲ್ಲವಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ, ಒಟ್ಟಿಗೆ ಕೂರುವುದು ಅದಕ್ಕೇ ಎಂಬ ಅರ್ಥದ ಉತ್ತರ ಬಂತು. ಅವನಿಗೆ ಅದು ಮೆಚ್ಚಿಗೆಯಾಯಿತು, ಬರೆದಿಟ್ಟ. ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಸೀಮೆಯ ಹುಡುಗರು ಕೊಟ್ಟ ಆ ಉತ್ತರವನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮೂರ ಜಗಲಿಯೇ ಕಣ್ಣ ಮುಂದೆ ಬಂದಿತ್ತು.

ನಾವೂ ನಾಲ್ವರೇ. ನಾನು, ಮೇಲಿನ ಮನೆಯ ಹುಡುಗಿ, ಬಡಗಿಯವರ ಮಗ, ಅಂಗಡಿಯವರ ಮಗ. ಎಸ್ಸೆಸ್ಸೆಲ್ಸಿ ವರ್ಷ ಪೈಥಾಗೊರಸ್‌ನ ಪ್ರಮೇಯ ನಮ್ಮನ್ನು ವಾರಗಟ್ಟಲೆ ಕಾಡಿತ್ತು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಹೆಜ್ಜೆ. ನನಗೆ ರಚನೆಯೇ ಮರೆಯುತ್ತಿತ್ತು. ಎಬಿಸಿ ಎಂಬ ಲಂಬಕೋನ ತ್ರಿಭುಜ, ಬಿ ಯಲ್ಲಿ ಲಂಬಕೋನ. ಆಮೇಲೆ ಏನು ಮಾಡಬೇಕು? ಬಡಗಿಯವರ ಮಗನಿಗೆ ಅದು ಮರೆತದ್ದೇ ಇಲ್ಲ. ಅಪ್ಪ ಮೂಲೆಮಟ್ಟ ಹಿಡಿಯುವುದನ್ನು ದಿನಾ ನೋಡುತ್ತಿದ್ದವನು ಅವನು. ‘ಬಿ ಯಿಂದ ಎಸಿ ಮೇಲೆ ಲಂಬ ಇಳಿಸು, ಕಾಲು ಬಿದ್ದಲ್ಲಿ ಡಿ’ ಎಂದು ಗೆರೆ ಎಳೆದೇಬಿಡುತ್ತಿದ್ದ. ಆದರೆ ಆ ಗೆರೆಯಿಂದಾದ ಎರಡು ಸಣ್ಣ ತ್ರಿಭುಜಗಳಲ್ಲಿ ಯಾವುದರ ಯಾವ ಬಾಹು ದೊಡ್ಡದರ ಯಾವ ಬಾಹುವಿಗೆ ಜೋಡಿ ಎನ್ನುವಲ್ಲಿ ಅವನು ತಡವರಿಸುತ್ತಿದ್ದ. ಅಲ್ಲಿ ಮೇಲಿನ ಮನೆಯವಳು ಬೇಕು. ಎಬಿಯ ವರ್ಗ ಎಂದರೆ ಎಡಿ ಗುಣಿಲೆ ಎಸಿ, ಬಿಸಿಯ ವರ್ಗ ಎಂದರೆ ಡಿಸಿ ಗುಣಿಲೆ ಎಸಿ ಎಂದು ಅವಳು ಬರೆದುಕೊಟ್ಟು, ಕೂಡಿಸುವಲ್ಲಿಗೆ ಬಂದು ನಿಂತುಬಿಡುತ್ತಿದ್ದಳು. ಆಗ ಅಂಗಡಿಯವರ ಮಗ, ‘ಎರಡರಲ್ಲೂ ಎಸಿ ಇದ್ಯಲ್ಲ ಮಾರಾಯ್ತಿ, ಹೊರಗೆ ತೆಗಿ. ಒಳಗೆ ಉಳಿದ ಎಡಿ, ಡಿಸಿ ಸೇರಿದ್ರೆ ಅದೂ ಎಸಿನೇ’ ಎನ್ನುತ್ತಿದ್ದ. ನಮ್ಮಲ್ಲಿ ಯಾರಿಗೂ ಪ್ರಮೇಯ ಇಡಿಯಾಗಿ ಬರುತ್ತಿರಲಿಲ್ಲ. ಜಗಲಿಯ ಮೇಲೆ ಮಾತ್ರ ಅದು ಇಡಿಯಾಗಿ ಎದ್ದು ನಿಲ್ಲುತ್ತಿತ್ತು. ಪರೀಕ್ಷೆಯ ದಿನ ಒಬ್ಬಳೇ ಡೆಸ್ಕಿನ ಮುಂದೆ ಕುಳಿತಾಗ ನನಗೆ ರಚನೆ ಮರೆಯಲಿಲ್ಲ. ಅದು ಅವನ ದನಿಯಲ್ಲಿ ಕಿವಿಗೆ ಕೇಳಿತು.

ಮರಳಿನ ಮೇಲೆ ಬರೆಯುವ ಈ ಪದ್ಧತಿ ನಮ್ಮ ಕಡೆಯ ಮಠಗಳಲ್ಲಿ, ಜಗಲಿ ಶಾಲೆಗಳಲ್ಲಿ ಬಹುಕಾಲ ನಡೆದು ಬಂದದ್ದು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರೂ ಬೆಲ್ ಅದನ್ನು ಕಂಡು ತನ್ನ ಶಾಲೆಗೂ ತಂದ. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಏರ್ಪಾಡು ಮಾಡಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರು. ಅಲ್ಲಿ ಗೊತ್ತಿದ್ದವನು ಗೊತ್ತಿಲ್ಲದವನಿಗೆ ಹೇಳಿಕೊಡಬೇಕು. ಗುಡಿಯ ಚಾವಡಿಯ ಹುಡುಗರಲ್ಲಿ ಆ ಮೇಲುಕೀಳಿರಲಿಲ್ಲ. ನಾಲ್ವರೂ ಗುರುವಿನಿಂದ ಅದೇ ಪಾಠ ಹೇಳಿಸಿಕೊಂಡು ಬಂದವರು. ಈ ಕ್ಷಣ ತಿದ್ದಿದವನು ಮರುಕ್ಷಣ ತಿದ್ದಿಸಿಕೊಳ್ಳುವವನು. ನನಗೆ ಹೆಚ್ಚು ಪ್ರಿಯವಾದದ್ದು ಇದು.

ನಾನು ಪದವಿ ತರಗತಿಗೆ ಗಣಿತ, ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಪ್ರಾಜೆಕ್ಟ್ ಕೊಡುವುದು ಕ್ರಮ. ಕೆಲವು ವರ್ಷಗಳ ಹಿಂದೆ ಒಂದು ಗುಂಪು ಎರಡು ಹಳ್ಳಿಗಳ ಹಾಲಿನ ಲೆಕ್ಕ ತಂದಿತ್ತು. ಅಂದವಾದ ಬೈಂಡಿಂಗು, ಮೊದಲ ಪುಟದಲ್ಲಿ ನಾಲ್ಕು ಹೆಸರು. ಒಂದು ಹಳ್ಳಿಯ 40 ಮನೆಗಳಲ್ಲಿ ಮನೆಗೆ ಸರಾಸರಿ 6 ಲೀಟರ್, ಇನ್ನೊಂದು ಹಳ್ಳಿಯ 10 ಮನೆಗಳಲ್ಲಿ ಸರಾಸರಿ 11 ಲೀಟರ್. ಎರಡೂ ಸೇರಿ ಸರಾಸರಿ ಎಂಟೂವರೆ ಎಂದು ಬರೆದಿತ್ತು. ಆರು, ಹನ್ನೊಂದು ಕೂಡಿಸಿ ಎರಡರಿಂದ ಭಾಗಿಸಿದ್ದರು. ನಿಜಕ್ಕೆ 240 ಲೀಟರಿಗೆ 110 ಸೇರಿಸಿ 50 ಮನೆಗೆ ಹಂಚಬೇಕು. ಏಳು ಲೀಟರ್ ಬರುತ್ತದೆ. ಆಮೇಲಿನ ಹತ್ತು ಪುಟಗಳೂ ಆ ತಪ್ಪಿನ ಮೇಲೆಯೇ ನಿಂತಿದ್ದವು.

ಗುಂಪಿನ ಒಬ್ಬ ಹುಡುಗನನ್ನು ಕರೆದು, ‘ಈ ಎಂಟೂವರೆ ಎಲ್ಲಿಂದ ಬಂತಪ್ಪ?’ ಎಂದು ಕೇಳಿದೆ. ಅವನು ಪುಟವನ್ನು ನೋಡಿದ ರೀತಿಯಲ್ಲೇ ಅದನ್ನು ಆವತ್ತೇ ಮೊದಲು ನೋಡುತ್ತಿದ್ದಾನೆಂದು ತಿಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದ: ‘ಮೇಡಂ, ನಮ್ಮನೇಲೂ ದನ ಇದಾವೆ. ಅಷ್ಟೆಲ್ಲ ಹಾಲು ಬರಲ್ಲ. ಜಾಸ್ತಿ ಮನೆಗಳಲ್ಲಿ ಐದೋ ಆರೋ ಅಷ್ಟೇ.’ ಬರೆದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಅವಳ ಕಣ್ಣು ತುಂಬಿತು. ಮೂರು ವಾರ ರಾತ್ರಿ ಕೂತು ಎಲ್ಲವನ್ನೂ ಒಬ್ಬಳೇ ಮಾಡಿದ್ದಳು.

ಆ ದಿನವನ್ನು ನಾನು ಮರೆತಿಲ್ಲ. ಹೆಸರು ಬರೆಸಿಕೊಂಡು ಸುಮ್ಮನಿದ್ದ ಮೂವರಿಗೆ ನಷ್ಟವಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ದುಡಿದವಳ ನಷ್ಟ. ಅವಳ ತಪ್ಪನ್ನು ಹಿಡಿಯಬಲ್ಲ ತಿಳಿವಳಿಕೆ ಅವಳ ಗುಂಪಿನಲ್ಲೇ ಇತ್ತು, ಹಾಲು ಕರೆಯುವ ಮನೆಯಿಂದಲೇ ಬಂದಿತ್ತು. ಅದು ಅವಳನ್ನು ತಲುಪಲಿಲ್ಲ. ಒಬ್ಬಳೇ ಮಾಡಿದ ಕೆಲಸದಲ್ಲಿ ಒಬ್ಬಳ ಮರೆವು ನಾಲ್ವರ ಮರೆವಾಗುತ್ತದೆ. ತಪ್ಪು ನನ್ನದೂ ಹೌದು. ನಾಲ್ಕು ಹೆಸರು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಗುಂಪಾಯಿತು ಎಂದು ನಾನು ತಿಳಿದಿದ್ದೆ.

ಗುಂಪಿನಲ್ಲಿ ಹೀಗೆ ಕೈ ಸಡಿಲವಾಗುವುದನ್ನು ಅಳೆದು ನೋಡಿದವರಿದ್ದಾರೆ. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದ. 1913ರಲ್ಲಿ ಅವನು ಪ್ರಕಟಿಸಿದ ಲೆಕ್ಕದಂತೆ, ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿಗೆ ಬಂದ ಬಲ, ಒಬ್ಬನೇ ಎಳೆದಾಗಿನ ಸುಮಾರು ಅರ್ಧ. ತೇರು ಎಳೆದವರಿಗೆ ಇದು ಗೊತ್ತು: ಎಲ್ಲರೂ ಒಂದೇ ಗಳಿಗೆಗೆ ಎಳೆಯುವುದಿಲ್ಲ, ಕೆಲವರ ಕೈ ಹಗ್ಗದ ಮೇಲೆ ಇರುತ್ತದೆ ಅಷ್ಟೆ. 1979ರಲ್ಲಿ ಅಮೆರಿಕದ ಲಟಾನೆ ಮತ್ತು ಸಂಗಡಿಗರು ಕಾಲೇಜು ಹುಡುಗರಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಗುಂಪು ಬೆಳೆದಂತೆ ತಲಾ ಸದ್ದು ಇಳಿಯಿತು. ಮುಂದಿನ ಪ್ರಯೋಗಗಳಲ್ಲಿ, ಯಾರ ಸದ್ದು ಎಷ್ಟೆಂದು ಬೇರೆಬೇರೆಯಾಗಿ ತಿಳಿಯುತ್ತದೆ ಎಂದು ಗೊತ್ತಾದರೆ ಈ ಸೋರಿಕೆ ನಿಲ್ಲುವುದೂ ಕಂಡಿತು.

ಇದನ್ನು ಓದಿದಾಗ ನನಗೆ ಅಡಿಕೆ ಸುಲಿತದ ರಾತ್ರಿಗಳು ನೆನಪಾದವು. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ ಹತ್ತಾರು ಜನ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಕೈ ಅಡಿಕೆ ಸುಲಿಯುತ್ತದೆ, ಬಾಯಿ ಕತೆ ಹೇಳುತ್ತದೆ. ಒಬ್ಬೊಬ್ಬರ ಮುಂದೆ ಅವರವರದೇ ರಾಶಿ; ಕೂಲಿ ಅಳತೆಯ ಲೆಕ್ಕದಲ್ಲಿ. ಹೊಸಬಳು ಬಂದರೆ ಪಕ್ಕದವಳ ಬೆರಳನ್ನು ನೋಡಿ ನೋಡಿ ಕಲಿಯುತ್ತಿದ್ದಳು. ‘ಕಾಯಿ ಹೀಗೆ ತಿರುಗ್ಸು, ಸಿಪ್ಪೆ ತಾನೇ ಬಿಡ್ತದೆ’ ಎಂದು ಹೇಳುವುದರಿಂದ ಹೇಳಿದವಳ ರಾಶಿ ಸಣ್ಣದಾಗುತ್ತಿರಲಿಲ್ಲ. ಅಷ್ಟು ಜನ ಸೇರಿ ಕೂತಿದ್ದರಿಂದಲೇ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಕಲಿಕೆಯ ಗುಂಪು ಹಗ್ಗದಂತಿರಬಾರದು, ಸುಲಿತದ ಅಂಗಳದಂತಿರಬೇಕು ಎಂದು ಆಗ ಹೊಳೆಯಿತು.

ಅಂದಿನಿಂದ ತರಗತಿಯ ಕ್ರಮ ಬದಲಿಸಿದೆ. ಲೆಕ್ಕ ಕೊಟ್ಟ ಮೊದಲ ಕಾಲು ಗಂಟೆ ಯಾರೂ ಮಾತಾಡುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ತಿಳಿದಷ್ಟು ಬರೆಯಬೇಕು. ಆಮೇಲೆ ನಾಲ್ವರು ಹಾಳೆಗಳನ್ನು ನಡುವೆ ಇಟ್ಟು ನೋಡಬೇಕು. ಉತ್ತರ ಒಂದೇ ಆಗಿದ್ದರೂ ದಾರಿ ಬೇರೆಯಾಗಿದ್ದರೆ ವಿವರಿಸಬೇಕು. ಕೊನೆಗೆ ಚೀಟಿ ಎತ್ತುತ್ತೇನೆ. ಯಾರ ಹೆಸರು ಬಂತೋ ಅವರು ಬೋರ್ಡಿನ ಮುಂದೆ ಇಡೀ ಗುಂಪಿನ ಪರವಾಗಿ ಹೇಳಬೇಕು. ಹೀಗಾದ ಮೇಲೆ, ಚೆನ್ನಾಗಿ ಬರುವವರು ಬಾರದವರ ಪಕ್ಕಕ್ಕೆ ತಾವಾಗಿಯೇ ಸರಿದು ಕೂರತೊಡಗಿದರು. ಬಾರದವರೂ ‘ಇಲ್ಲಿ ಅರ್ಥ ಆಗ್ಲಿಲ್ಲ’ ಎನ್ನಲು ಹಿಂಜರಿಯಲಿಲ್ಲ. ಮೊದಲು ಆ ಮಾತು ಹೇಳಲು ಅವರಿಗೆ ನಾಚಿಕೆಯಿತ್ತು. ಗುಂಪಿಗೆ ಅತಿ ಹೆಚ್ಚು ಬೆಲೆಯ ಮಾತು ಅದೇ ಎಂದು ನಾನು ಈಗ ಪ್ರತಿ ವರ್ಷ ಮೊದಲ ದಿನವೇ ಹೇಳುತ್ತೇನೆ.

1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೀಸ್ಮನ್ ಎಂಬಾತ ಕಂಡದ್ದೂ ಇದನ್ನೇ. ಅಲ್ಲಿಯ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಸೋಲುತ್ತಿದ್ದರು. ಶ್ರದ್ಧೆ ಕಡಿಮೆ, ಮನೆಯ ಒತ್ತಾಸೆ ಇಲ್ಲ ಎಂದು ಅಧ್ಯಾಪಕರು ಊಹಿಸಿದ್ದರು. ಟ್ರೀಸ್ಮನ್ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದ. ಊಹೆಗಳೆಲ್ಲ ಸುಳ್ಳು. ಅವರು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ತಾವೇ ಓದಿ, ಆಮೇಲೆ ಒಟ್ಟಿಗೆ ಸೇರಿ ಒಬ್ಬರ ಉತ್ತರ ಇನ್ನೊಬ್ಬರು ನೋಡುತ್ತಿದ್ದರು. ತಾನು ಎಲ್ಲಿ ಎಡವಿದೆ, ಎಲ್ಲರೂ ಎಡವುವ ಜಾಗವೇ ಅದು ಎಂಬುದು ಅವರಿಗೆ ಆವತ್ತೇ ತಿಳಿಯುತ್ತಿತ್ತು. ಒಂಟಿಯಾಗಿ ಓದುವವನು ಅದನ್ನು ತನ್ನೊಬ್ಬನ ದಡ್ಡತನ ಎಂದುಕೊಳ್ಳುತ್ತಾನೆ. ಟ್ರೀಸ್ಮನ್ ಹಿಂದುಳಿದವರಿಗೆ ಸುಲಭ ಪಾಠ ಮಾಡಲು ಹೋಗಲಿಲ್ಲ; ಕಠಿಣ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಕೂರಿಸಿದ. ಅವರು ಗೆದ್ದರು.

ನಮ್ಮ ಸರಕಾರಿ ಶಾಲೆಗಳ ನಲಿ–ಕಲಿಯಲ್ಲೂ ಈ ತಿಳಿವು ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳು ಶುರು ಮಾಡಿದ ಕ್ರಮ ಅದು. ಅಕ್ಷರಗಳು ಅಲ್ಲಿ ಅ ಆ ಇ ಈ ಎಂದು ಸಾಲಾಗಿ ಬರುವುದಿಲ್ಲ. ರ ಗ ಸ ದ ಅ ಎಂದು ಬರುತ್ತವೆ. ಐದು ಅಕ್ಷರ ಕಲಿತ ಮಗು ಅಂದೇ ‘ಗರಗಸ’, ‘ಅರಸ’, ‘ದಸರ’ ಓದುತ್ತದೆ. ಮಕ್ಕಳು ಕೂರುವುದು ಬೇರೆಬೇರೆ ಗುಂಪುಗಳಲ್ಲಿ: ಶಿಕ್ಷಕರ ಸಹಾಯದಿಂದ ಕಲಿಯುವವರು, ಗೆಳೆಯರ ಸಹಾಯದಿಂದ ಕಲಿಯುವವರು, ತಾವೇ ಕಲಿಯುವವರು. ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಮಗು ಗುಂಪಿನಿಂದ ಗುಂಪಿಗೆ ಸರಿಯುತ್ತದೆ. ಕಲಿಯುವುದೆಂದರೆ ಆಸರೆಯಿಂದ ಸ್ವಂತಕ್ಕೆ ನಡೆಯುವ ದಾರಿ, ನಡುವಿನ ಹಾದಿಯಲ್ಲಿ ಕೈ ಹಿಡಿಯುವವನು ಗೆಳೆಯ ಎಂಬುದನ್ನು ಆರು ವರ್ಷದ ಮಗುವಿಗೆ ಇಷ್ಟು ಸರಳವಾಗಿ ಮಾಡಿ ತೋರಿಸಿದ್ದು ನನಗೆ ದೊಡ್ಡ ಕೆಲಸವಾಗಿ ಕಾಣುತ್ತದೆ.

ಇದನ್ನೆಲ್ಲ ಅತ್ತೆಗೆ ತುಣುಕು ತುಣುಕಾಗಿ ಹೇಳಿದ್ದೇನೆ. ಅವರು ಹೂಂಗುಟ್ಟುತ್ತಾರೆ, ಒಪ್ಪಿದೆ ಎನ್ನುವುದಿಲ್ಲ. ಅವರ ಅರ್ಧ ಸತ್ಯ ಅವರ ಹತ್ತಿರವೇ ಇರಲಿ: ಮೊದಲು ಒಬ್ಬರೇ ಓದದೆ ಬಂದವರು ಗುಂಪಿನಲ್ಲಿ ಮರೆಯುವುದಕ್ಕೂ ಏನೂ ಇರುವುದಿಲ್ಲ. ಮಗಳು ಬೆಳಗಿನ ಜಾವ ಎದ್ದು ಓದುವುದು ಅದಕ್ಕೇ.

ಮೊನ್ನೆ ಸಂಜೆ ಇಬ್ಬರೂ ಹರಿವೆ ಸೊಪ್ಪು ಬಿಡಿಸುತ್ತ ಕುಳಿತಿದ್ದೆವು. ಜಗಲಿಯಲ್ಲಿ ಅದೇ ಪೈಥಾಗೊರಸ್. ಮಗಳ ದನಿ. ‘ಎಬಿಯ ವರ್ಗ ಅಂದ್ರೆ ಡಿಸಿ ಗುಣಿಲೆ ಎಸಿ’ ಎಂದಳು. ತಪ್ಪು. ಅಲ್ಲಿ ಎಡಿ ಬರಬೇಕು. ನನ್ನ ಕೈಯಲ್ಲಿದ್ದ ದಂಟು ಬುಟ್ಟಿಗೆ ಬಿತ್ತು. ಹೋಗಿ ಹೇಳೋಣವೆಂದು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು.

‘ತಡಿ, ಅವ್ರಲ್ಲೇ ಯಾರಾದ್ರೂ ಹೇಳ್ತಾರೆ.’

ಇಬ್ಬರೂ ಕಿವಿಗೊಟ್ಟು ಕುಳಿತೆವು. ಹೊರಗೆ ಸೀಮೆಸುಣ್ಣ ನಿಂತಿತು. ಒದ್ದೆ ಬಟ್ಟೆ ನೆಲದ ಮೇಲೆ ಸರಿದ ಸದ್ದು ಕೇಳಿತು.